ಬದುವಿಗೆ ಮರ ಹಾಕಿದರೆ ರಾಗಿ ಕಮ್ಮಿ ಆಗಲ್ವಾ?

ಪ್ರಶ್ನೆ: ನಮ್ಮದು ಚಿಂತಾಮಣಿ ಕಡೆ ಎರಡು ಎಕರೆ ಬೆದ್ದಲು. ಮಳೆ ನಂಬಿ ರಾಗಿ ಹಾಕುತ್ತೇವೆ. ಹೊಲದಲ್ಲಿ ಮರ ಬೆಳೆಸಿದರೆ ಬರಗಾಲಕ್ಕೆ ಆಗುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಮರದ ಪಕ್ಕ ರಾಗಿ ಬರಲ್ಲ, ಸುಮ್ನೆ ಜಾಗ ದಂಡ ಅಂತ ನಮ್ಮ ತಂದೆ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ಸುಳ್ಳಿಲ್ಲ. ರಾಗಿಗೆ ಬಿಸಿಲು ಬೇಕು. ನೆರಳು ಬೀಳುವ ಕಡೆ ಪೈರು ಸಣಕಲಾಗುತ್ತದೆ, ತೆನೆ ಚಿಕ್ಕದಾಗುತ್ತದೆ. ಮರದ ಬೇರು ಕೂಡ ಮೇಲ್ಮಣ್ಣಿನ ತೇವವನ್ನು ಹಂಚಿಕೊಳ್ಳುತ್ತದೆ. ಇದನ್ನು ಮುಚ್ಚಿಟ್ಟು ರೈತರಿಗೆ ಮರ ಹಾಕಿ ಅನ್ನುವುದು ತಪ್ಪು. ಎಷ್ಟು ಕಮ್ಮಿ ಆಗುತ್ತದೆ ಅನ್ನುವುದನ್ನು ಲೆಕ್ಕ ಹಾಕೋಣ.

ಎರಡು ಎಕರೆ ಅಂದರೆ 80 ಗುಂಟೆ. ಹೊಲ ಹೆಚ್ಚುಕಮ್ಮಿ ಚೌಕವಾಗಿದ್ದರೆ ಒಂದು ಬದುವಿನ ಉದ್ದ ಸುಮಾರು 295 ಅಡಿ. ಆ ಒಂದು ಬದುವಿನಲ್ಲಿ 15 ಅಡಿಗೊಂದರಂತೆ 20 ಮರ ಹಿಡಿಯುತ್ತವೆ. ಅವು ಹೊಲದ ಒಳಗೆ 15 ಅಡಿ ಅಗಲದ ಪಟ್ಟಿಯನ್ನು ಕಾಡಿದರೂ ಅದು 4 ಗುಂಟೆ. ಅಲ್ಲೂ ರಾಗಿ ಪೂರ್ತಿ ಹೋಗುವುದಿಲ್ಲ, ಕಮ್ಮಿಯಾಗುತ್ತದೆ ಅಷ್ಟೆ. ಉಳಿದ 76 ಗುಂಟೆ ಮೊದಲಿನ ಹಾಗೇ ಇರುತ್ತದೆ.

ಹಾಗಿದ್ದರೂ ನಮ್ಮ ಕಡೆ ಹಿರಿಯರಿಗೆ ಮರ ಅಂದರೆ ಭಯ. ಅದಕ್ಕೆ ಕಾರಣ ನೀಲಗಿರಿ ಮರ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ನಿಮ್ಮ ಚಿಂತಾಮಣಿ ಇರುವ ಚಿಕ್ಕಬಳ್ಳಾಪುರವೂ ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು. ಆ ಜಿಲ್ಲೆಯಲ್ಲಿ ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ನೀಲಗಿರಿ ತೋಪುಗಳಾದವು. ಆಳು ಬೇಡ, ಕಾವಲು ಬೇಡ, ಕಡಿದಾಗ ಕೈತುಂಬಾ ದುಡ್ಡು. ಆದರೆ ತೋಪಿನ ಪಕ್ಕದ ಹೊಲದಲ್ಲಿ ಪೈರು ಮೇಲೇಳದೆ ಒಣಗುವುದನ್ನು ಜನ ಕಣ್ಣಾರೆ ಕಂಡರು. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಿಮ್ಮ ತಂದೆಯವರ ಮಾತಿನ ಹಿಂದೆ ಈ ಅನುಭವ ಇದೆ. ಅದನ್ನು ಗೌರವಿಸಲೇಬೇಕು. ಆದರೆ ನೀಲಗಿರಿ ಮಾಡಿದ ತಪ್ಪಿಗೆ ಹೊಂಗೆಯನ್ನು ದೂರ ಇಡುವುದು ನ್ಯಾಯ ಅಲ್ಲ, ಅಲ್ವಾ?

ರಾಗಿ ಹೊಲದ ನಡುನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಹಾಕುವುದನ್ನು ನಿಮ್ಮ ತಂದೆಯವರೇ ನಿಮಗೆ ಕಲಿಸಿರುತ್ತಾರೆ. ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ, ಅಂಚಿಗೆ ಹರಳು. ಒಂದು ಕೈ ಕೊಟ್ಟರೆ ಇನ್ನೊಂದು ಇರಲಿ ಅನ್ನುವ ಲೆಕ್ಕ. ಬೆಳೆಯ ಜೊತೆ ಮರವನ್ನೂ ಬೆಳೆಸುವ ಕೃಷಿ ಅರಣ್ಯ ಅನ್ನುವುದೂ ಇದೇ ಲೆಕ್ಕ. ಅಕ್ಕಡಿ ನಾಲ್ಕಾರು ತಿಂಗಳಿನದು, ಮರ ಮೂವತ್ತು ವರ್ಷದ್ದು.

ಈಚಿನ ಮಳೆಯನ್ನೇ ನೋಡಿ. 2021ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೆ ಸರಿಯಾಗಿ ಬಿಡದೆ ಸುರಿಯಿತು. ರಾಗಿ ನೆಲಕ್ಕೆ ಬಿದ್ದು ತೆನೆಯಲ್ಲೇ ಮೊಳಕೆ ಬಂತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಒಂದು ಸಲ ನೀರು ಜಾಸ್ತಿಯಾಗಿ ಹೋಯಿತು, ಇನ್ನೊಂದು ಸಲ ನೀರಿಲ್ಲದೆ ಹೋಯಿತು. ರಾಗಿ ಒಂದನ್ನೇ ನಂಬಿದವರಿಗೆ ಎರಡು ಸಲವೂ ಪೆಟ್ಟು. ಹುಣಸೆ ಹಣ್ಣು ಕೈಗೆ ಬರುವುದು ಸಂಕ್ರಾಂತಿ ಆದಮೇಲೆ. ನವೆಂಬರ್ ಮಳೆಗೆ ಅದು ಅಷ್ಟಾಗಿ ಹೆದರುವುದಿಲ್ಲ. ಬರವನ್ನೂ ತಡೆಯುತ್ತದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು ಒಮ್ಮೆ ಹೋಗಿ ನೋಡಿ. ಎಷ್ಟು ಬರಗಾಲ ದಾಟಿದ ಮರಗಳು ಅವು! 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಬರದಲ್ಲಿ ಮನೆಗೆ ಮೊದಲು ಬಿಸಿ ತಟ್ಟುವುದು ಮೇವಿನಿಂದ. ರಾಗಿ ಹೋದರೆ ಹುಲ್ಲೂ ಹೋಯಿತು. ಹುಲ್ಲು ಹೋದರೆ ಡೈರಿಗೆ ಹಾಕುವ ಹಾಲೂ ಹೋಯಿತು. ಎಷ್ಟೋ ಮನೆಗಳಲ್ಲಿ ವಾರದ ಖರ್ಚು ನಡೆಯುವುದೇ ಆ ಹಾಲಿನ ದುಡ್ಡಿನಿಂದ. ಆಗ ಸಿಕ್ಕ ಬೆಲೆಗೆ ಹಸು ಮಾರಬೇಕಾಗುತ್ತದೆ. ಮತ್ತೆ ಕೊಳ್ಳುವುದು ಎಷ್ಟು ಕಷ್ಟ ಅಂತ ಗೊತ್ತೇ ಇದೆ. ಅದಕ್ಕೇ ನಾನು ಮೊದಲು ಹೇಳುವುದು ಸೊಪ್ಪಿನ ಮರಗಳನ್ನು. ಚೊಗಚೆ, ಸುಬಾಬುಲ್ ನಾಲ್ಕು ನಾಲ್ಕು ಇದ್ದರೂ ಬೇಸಿಗೆಯಲ್ಲಿ ಒಣಹುಲ್ಲಿನ ಜೊತೆ ಒಂದಿಷ್ಟು ಹಸಿರು ಸಿಗುತ್ತದೆ. ಸುಬಾಬುಲ್ ಒಂದನ್ನೇ ಹೊಟ್ಟೆ ತುಂಬ ಹಾಕಬೇಡಿ. ಹಸಿ ಮೇವಿನಲ್ಲಿ ಮೂರನೇ ಒಂದು ಪಾಲು ಮೀರಬಾರದು.

ಬದುವಿಗೆ ಹೊಂಗೆಯಷ್ಟು ಹೊಂದುವ ಮರ ನನಗಂತೂ ಕಾಣದು. ಆಡು, ಕುರಿ ಅದಕ್ಕೆ ಬಾಯಿ ಹಾಕುವುದು ಕಮ್ಮಿ. ಬೇಲಿಯ ಖರ್ಚು ಉಳಿಯುತ್ತದೆ. ಅದು ದ್ವಿದಳ ಜಾತಿಯ ಮರ, ಸೊಪ್ಪಿನಲ್ಲಿ ಸಾರಜನಕ ಇರುತ್ತದೆ. ರಾಗಿ ಬಿತ್ತನೆಗೆ ಮುಂಚೆ ರೆಂಬೆ ಸವರಿ, ಆ ಸೊಪ್ಪನ್ನು ಹೊಲಕ್ಕೆ ಹರಡಿ ಉಳುಮೆ ಮಾಡಿ. ಗೊಬ್ಬರವೂ ಆಯಿತು, ಪೈರು ಏಳುವ ಹೊತ್ತಿಗೆ ನೆರಳೂ ಕಮ್ಮಿಯಾಯಿತು. ಹುಣಸೆ, ಹಲಸಿನ ನೆರಳು ದಟ್ಟ. ಅವನ್ನು ಸಾಲಿಗೆ ಹಾಕದೆ ಮೂಲೆಗೆ ಒಂದೊಂದು ಇಡಿ.

ಹೆಬ್ಬೇವು ಬೇಗ ಬೆಳೆಯುತ್ತದೆ ನಿಜ. ಆದರೆ ಇಡೀ ಹೊಲಕ್ಕೆ ಅದನ್ನೇ ತುಂಬಿದರೆ ಊಟದ ರಾಗಿಯನ್ನು ಅಂಗಡಿಯಿಂದ ತರಬೇಕಾಗುತ್ತದೆ. ಶ್ರೀಗಂಧ, ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ, ಬೆಳೆದವರ ಸ್ವತ್ತೇ ಆಗಿದೆ. ಆದರೆ ಮನೆಯಿಂದ ದೂರ ಇರುವ ಎರಡು ಎಕರೆಯಲ್ಲಿ ಕಳ್ಳರಿಂದ ಅದನ್ನು ರಾತ್ರಿಯೆಲ್ಲ ಕಾಯುವವರು ಯಾರು? ನಾನು ಬೇಡ ಅನ್ನುತ್ತೇನೆ.

ಯಾವ ಬದು ಅನ್ನುವುದೂ ಮುಖ್ಯ. ರಾಗಿ ತೆನೆ ಕಟ್ಟುವ ಕಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನೆರಳು ಉತ್ತರಕ್ಕೆ ಬೀಳುತ್ತದೆ. ಹಾಗಾಗಿ ಉತ್ತರದ ಬದುವಿನ ಮರ ನಿಮ್ಮ ಪೈರನ್ನು ಕಾಡುವುದು ಕಮ್ಮಿ. ಆ ಕಡೆ ಬಂಡಿ ದಾರಿ ಇದ್ದರೆ ಅದೃಷ್ಟ. ಬೇರೆಯವರ ಹೊಲ ಇದ್ದರೆ ಮೊದಲೇ ಅವರ ಹತ್ತಿರ ಮಾತಾಡಿ, ಕೆಲವು ಅಡಿ ಒಳಗೆ ನೆಡಿ. ಇಂಥದ್ದಕ್ಕೇ ವರ್ಷಗಟ್ಟಲೆ ಮಾತು ಬಿಟ್ಟ ಅಕ್ಕಪಕ್ಕದವರನ್ನು ನೋಡಿದ್ದೇನೆ. ಮರದ ಸಾಲಿಗೂ ರಾಗಿಗೂ ನಡುವೆ ಎರಡು ಅಡಿ ಆಳದ ಕಂದಕ ತೆಗೆಸಿ. ಹೊಲದ ಕಡೆ ನುಗ್ಗುವ ಬೇರು ಅಲ್ಲೇ ತುಂಡಾಗುತ್ತದೆ. ಹರಿದು ಹೋಗುವ ಮಳೆ ನೀರೂ ಅಲ್ಲಿ ನಿಂತು ಇಂಗುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ನಮ್ಮ ನೆಲಕ್ಕೆ ಈ ಕಂದಕ ಮರದಷ್ಟೇ ಬೇಕಾದದ್ದು.

ಸಸಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ಬದುಕುಳಿದ ಗಿಡಗಳನ್ನು ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ಪಹಣಿ ತೆಗೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಹೆಸರು ಬರೆಸಿ.

ಹಣ ಬರುವುದು ಬದುಕಿದ ಗಿಡಕ್ಕೆ ಮಾತ್ರ. ಬದುಕಿಸುವುದು ಮೊದಲ ಎರಡು ಬೇಸಿಗೆಯ ಕೆಲಸ. ಹತ್ತು ಹದಿನೈದು ದಿನಕ್ಕೆ ಒಂದು ಬಿಂದಿಗೆ ನೀರು, ಬುಡಕ್ಕೆ ತರಗೆಲೆಯ ಮುಚ್ಚಿಗೆ. 20 ಗಿಡ ಅಂದರೆ 20 ಬಿಂದಿಗೆ. ಅಷ್ಟು ಹೊರುವ ಶಕ್ತಿ ಇಲ್ಲದಿದ್ದರೆ ಈ ವರ್ಷ ಹತ್ತೇ ನೆಡಿ. ಯುಗಾದಿ ಕಳೆದ ಮೇಲೆ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಎಲ್ಲೆಲ್ಲಿ ತೆಗೆಯಬೇಕು ಅಂತ ತಂದೆಯವರನ್ನೇ ಕೇಳಿ. ಆ ಹೊಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಕಲ್ಲು ಎಲ್ಲಿ ಸಿಗುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು.