ಹುಲಿ ಕಂಡ ಮೇಲಿನ ಹತ್ತು ನಿಮಿಷ

ಸಫಾರಿ ಜೀಪು ಹತ್ತಿದವರು ಮೊದಲು ಕೇಳುವುದು ಒಂದೇ ಮಾತು. "ಹುಲಿ ಸಿಗುತ್ತಾ?" ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ನ್ಯಾಚುರಲಿಸ್ಟ್ ಆಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದೇನೆ. ಈಗ ಹೊಸ ಡ್ರೈವರುಗಳಿಗೂ ಗೈಡುಗಳಿಗೂ ತರಬೇತಿ ಕೊಡುತ್ತೇನೆ. ಈ ಪ್ರಶ್ನೆಯನ್ನು ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಿಕ್ಕ ಮೇಲೆ ನಾವೇನು ಮಾಡುತ್ತೇವೆ ಅಂತ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ಒಂದು ಬೇಸಿಗೆಯ ಸಂಜೆ ನಡೆದದ್ದು ಹೇಳುತ್ತೇನೆ. ಕೆರೆಯ ಹತ್ತಿರ ಜಿಂಕೆ ಅಪಾಯ ಕಂಡಂತೆ ಕೂಗುತ್ತಿತ್ತು. ಮರದ ಮೇಲಿಂದ ಮುಸಿಯವೂ ದನಿ ಸೇರಿಸಿತು. ಜಿಂಕೆ ಒಂದೇ ಕೂಗಿದರೆ ಅಷ್ಟು ನಂಬಬಾರದು, ಅದು ಸುಮ್ನೆ ಹೆದರುವ ಪ್ರಾಣಿ. ಮುಸಿಯ ಮೇಲಿಂದ ನೋಡಿ ಕೂಗುತ್ತದೆ. ನಾವು ಎಂಜಿನ್ ಆಫ್ ಮಾಡಿ ಕಾದೆವು. ಲಂಟಾನದ ಪೊದೆಯಿಂದ ಹೆಣ್ಣುಹುಲಿ ಹೊರಬಂತು. ಹಿಂದೆ ಮೂರು ಮರಿ, ನಾಲ್ಕೈದು ತಿಂಗಳಿನವು. ಅವಕ್ಕೆ ರಸ್ತೆ ದಾಟಿ ಕೆರೆಗೆ ಇಳಿಯಬೇಕಿತ್ತು.

ಅಷ್ಟರಲ್ಲಿ ಐದು ಜೀಪು ಸೇರಿದ್ದವು. ಎಡಕ್ಕೆ ಮೂರು, ಬಲಕ್ಕೆ ಎರಡು. ತಾಯಿ ರಸ್ತೆಯ ಅಂಚಿಗೆ ಬಂದು ನಿಂತಳು. ಕಿವಿ ಹಿಂದಕ್ಕೆ ಹೋಯಿತು, ಬಾಲದ ತುದಿ ಆಡತೊಡಗಿತು. ವಾಪಸ್ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದಳು. ಕೊನೆಗೆ ಒಬ್ಬಳೇ ದಾಟಿ ಆ ಕಡೆಯಿಂದ ಮೆಲ್ಲಗೆ ಮರಿಗಳನ್ನು ಕರೆದಳು. ಅವು ಬರಲಿಲ್ಲ. ಕ್ಯಾಮೆರಾಗಳ ಕಟಕಟ ಸದ್ದು ನಿಲ್ಲಲಿಲ್ಲ. ನಾವು ಹೊರಟದ್ದು ಗೇಟ್ ಮುಚ್ಚುವ ಹೊತ್ತಾಯಿತು ಅಂತ, ಅವಳ ಮೇಲಿನ ಕರುಣೆಯಿಂದ ಅಲ್ಲ. ಆ ಐದರಲ್ಲಿ ಒಂದು ಜೀಪು ನನ್ನದು. ಅವತ್ತು ನನಗೆ ಒಳ್ಳೆಯ ಟಿಪ್ಸ್ ಕೂಡ ಸಿಕ್ಕಿತು.

ನಿಯಮ ಇರಲಿಲ್ಲ ಅಂತಲ್ಲ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ಕೋರ್ ಭಾಗದಲ್ಲಿ, ಅಂದರೆ ಬಿಗಿ ರಕ್ಷಣೆಯ ಒಳಕಾಡಿನಲ್ಲಿ, ಪ್ರವಾಸೋದ್ಯಮವನ್ನೇ ತಡೆದಿತ್ತು. ಅಕ್ಟೋಬರಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು. ಪ್ರಾಣಿಗೂ ವಾಹನಕ್ಕೂ ನಡುವೆ ಕನಿಷ್ಠ 20 ಮೀಟರ್ ಇರಬೇಕು, ಸುತ್ತುವರಿಯಬಾರದು, ಕೋರ್ ಪ್ರದೇಶದ ಶೇ 20ಕ್ಕಿಂತ ಜಾಸ್ತಿ ಭಾಗ ಪ್ರವಾಸಿಗರಿಗೆ ತೆರೆಯಬಾರದು. ಎಲ್ಲ ಸರಿಯಾಗೇ ಇದೆ. ಅವತ್ತು ನಮ್ಮ ಐದೂ ಜೀಪುಗಳು ಹುಲಿಯಿಂದ 20 ಮೀಟರಿಗಿಂತ ದೂರದಲ್ಲೇ ಇದ್ದವು. ಅಳತೆಪಟ್ಟಿ ಹಿಡಿದು ಬಂದಿದ್ದರೂ ದೂರದ ಲೆಕ್ಕದಲ್ಲಿ ಯಾರೂ ನಮ್ಮ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಆದರೆ ಅವಳ ದಾರಿ ಮುಚ್ಚಿತ್ತು.

ಶೇ 20 ಅನ್ನುವ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಕೇಳಿದರೆ ಕಡಿಮೆ ಅನ್ನಿಸುತ್ತದೆ. ಐದರಲ್ಲಿ ನಾಲ್ಕು ಪಾಲು ಕಾಡು ಹುಲಿಗೇ ಬಿಟ್ಟಿದ್ದೇವಲ್ಲ ಅಂತ. ಆದರೆ ಸಫಾರಿ ದಾರಿ ಎಲ್ಲಿ ಹಾಯುತ್ತದೆ? ಸಮತಟ್ಟಾದ ಜಾಗ, ಕೆರೆ, ಹಿನ್ನೀರು, ಹುಲ್ಲು, ಜಿಂಕೆ ಹಿಂಡು ಇರುವಲ್ಲಿ. ಹುಲಿಗೂ ಬೇಕಾದದ್ದು ಅದೇ. ಒಳ್ಳೆಯ ಕಾಡಿನಲ್ಲಿ ಒಂದು ಹೆಣ್ಣುಹುಲಿಯ ಗಡಿ 15-20 ಚದರ ಕಿಲೋಮೀಟರ್ ಇರಬಹುದು. ಕಬಿನಿ ಹಿನ್ನೀರಿನಂಥ ಕಡೆ ಕೆಲವು ತಾಯಂದಿರ ಇಡೀ ಸಂಸಾರವೇ ಪ್ರವಾಸಿ ವಲಯದ ಒಳಗಿದೆ. ಕಾಡಿಗೆ ಶೇ 20 ಆದದ್ದು ಆ ಹುಲಿಗೆ ಶೇ 100.

ಆ ಶೇ 20ರಲ್ಲಿ ಕಾಡೂ ಬದಲಾಗುತ್ತದೆ. ರಸ್ತೆಯ ಎರಡೂ ಬದಿ ಗಿಡಗಂಟಿ ಸವರಿ 'ವ್ಯೂ ಲೈನ್' ಮಾಡುತ್ತಾರೆ. ಬೆಂಕಿ ತಡೆಯಲು ಅದು ಬೇಕು, ನಿಜ. ಹಾಗೆಯೇ ಪ್ರವಾಸಿಗೆ ಪ್ರಾಣಿ ಕಾಣಲೂ ಬೇಕು. ಸವರಿದ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆ ಬರುತ್ತದೆ, ಅದರ ಹಿಂದೆ ಹುಲಿ. ಬೇಸಿಗೆಯಲ್ಲಿ ಸೋಲಾರ್ ಪಂಪ್ ಹಾಕಿ ಬೋರ್‌ವೆಲ್ ನೀರನ್ನು ಕೆರೆಗೆ ಬಿಡುತ್ತಾರೆ. ಬತ್ತಬೇಕಾದ ಕಾಲದಲ್ಲಿ ಬತ್ತದ ಕೆರೆಯ ಸುತ್ತ ಪ್ರಾಣಿಗಳು ಗುಂಪುಗೂಡುತ್ತವೆ. "ಎಷ್ಟು ಸಮೃದ್ಧ ಕಾಡು!" ಅಂತ ಪ್ರವಾಸಿ ಸಂತೋಷಪಡುತ್ತಾನೆ. ಪ್ರವಾಸಿ ಕಾಲಿಡದ ಕಡೆಯ ಕೆರೆಯ ಹೂಳು ತೆಗೆದು ಎಷ್ಟು ವರ್ಷ ಆಯಿತು ಅಂತ ಕಾಡು ಕಾಯುವ ವಾಚರುಗಳನ್ನು ಕೇಳಿ ನೋಡಿ.

ಜೀಪಿನಿಂದ ಹುಲಿಗೆ ನಿಜಕ್ಕೂ ತೊಂದರೆಯಾಗುತ್ತಾ? ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಮಧ್ಯಪ್ರದೇಶದ ಕಾನ್ಹಾ ಮತ್ತು ಬಾಂಧವಗಢದಲ್ಲಿ ಹುಲಿಯ ಹಿಕ್ಕೆ ಸಂಗ್ರಹಿಸಿ ಒತ್ತಡದ ಹಾರ್ಮೋನಿನ ಪ್ರಮಾಣ ಅಳೆದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪಾರ್ಕ್ ಮುಚ್ಚಿರುವಾಗ ಕಡಿಮೆ ಇದ್ದ ಒತ್ತಡ, ಪ್ರವಾಸಿಗರ ಕಾಲದಲ್ಲಿ ಏರುತ್ತದೆ. ನಾನು ಮುಂದಿನ ಸೀಟಿನಿಂದ ನೋಡಿದ್ದಕ್ಕೂ ಅದಕ್ಕೂ ತಾಳೆಯಾಗುತ್ತದೆ. ಹುಲಿಗಳಿಗೆ ಕಾಡಿನ ದಾರಿ ಇಷ್ಟ. ಮೆತ್ತನೆ ಧೂಳು, ಮುಳ್ಳಿಲ್ಲ, ಕೂಡುದಾರಿಯ ಮರಗಳಿಗೆ ಮೂತ್ರ ಸಿಂಪಡಿಸಿ ಗಡಿ ಗುರುತು ಹಾಕಲು ಅನುಕೂಲ. ಹೀಗೆ ಗಡಿ ನೋಡಿಕೊಂಡು ಬರುವ ಹುಲಿಯ ಮುಂದೆ ನಾವು ರಿವರ್ಸ್ ಗೇರಿನಲ್ಲಿ ಹಿಂದೆ ಹಿಂದೆ ಹೋಗುತ್ತಾ ಫೋಟೊ ತೆಗೆಸುತ್ತೇವೆ. ಹುಲಿ ನೇರ ಕ್ಯಾಮೆರಾಕ್ಕೇ ನಡೆದು ಬರುವಂತೆ ಕಾಣುವ ಆ ಚಿತ್ರಗಳನ್ನು ನೀವೂ ನೋಡಿ ಮೆಚ್ಚಿರುತ್ತೀರಿ. ಆ ಫೋಟೊದ ಹಿಂದೆ ಹೀಗೆ ಹಿಮ್ಮುಖವಾಗಿ ಓಡಿದ ಜೀಪೊಂದು ಇರುತ್ತದೆ. ಕೆಲವು ಹುಲಿ ಲೆಕ್ಕಿಸುವುದಿಲ್ಲ. ಕೆಲವು ತಲೆ ತಗ್ಗಿಸಿ ರಸ್ತೆ ಬಿಟ್ಟು ಪೊದೆಗೆ ನುಗ್ಗುತ್ತವೆ. ಗುರುತು ಹಾಕುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಹಾಗಂತ ಸಫಾರಿಯೇ ಹುಲಿಯ ಶತ್ರು ಅಂದರೆ ನಾನು ಒಪ್ಪುವುದಿಲ್ಲ. ಪ್ರವಾಸಿಗರ ಕಣ್ಣೇ ಕಾಡಿಗೆ ಕಾವಲು ಅನ್ನುವ ನಮ್ಮ ಉದ್ಯಮದ ನೆಚ್ಚಿನ ವಾದವನ್ನೂ ಒಪ್ಪುವುದಿಲ್ಲ. ರಾಜಸ್ಥಾನದ ಸಾರಿಸ್ಕಾದಲ್ಲಿ ಪ್ರವಾಸಿಗರು ಬರುತ್ತಲೇ ಇದ್ದರು, 2004-05ರ ಹೊತ್ತಿಗೆ ಹುಲಿಗಳು ಪೂರ್ತಿ ಖಾಲಿಯಾದವು. 2009ರಲ್ಲಿ ಮಧ್ಯಪ್ರದೇಶದ ಪನ್ನಾದಲ್ಲೂ ಅದೇ ಆಯಿತು. ಕಳ್ಳಬೇಟೆಯವನು ಸಫಾರಿ ರಸ್ತೆಗೆ ಬರುವುದಿಲ್ಲ. ಅವನನ್ನು ತಡೆಯುವವರು ಕಳ್ಳಬೇಟೆ ತಡೆ ಶಿಬಿರದಲ್ಲಿ ಗಂಜಿ ಬೇಯಿಸಿಕೊಂಡು ಮಳೆಯಲ್ಲಿ ಗಸ್ತು ತಿರುಗುವ ವಾಚರುಗಳು. ಅವರಲ್ಲಿ ಬಹಳ ಜನ ಗುತ್ತಿಗೆಯವರು, ಬಹಳ ಜನ ಜೇನುಕುರುಬ, ಸೋಲಿಗ ಸಮುದಾಯದವರು. ಕರ್ನಾಟಕದಲ್ಲಿ 2010ರ ಗಣತಿಯಲ್ಲಿ 300 ಇದ್ದ ಹುಲಿ 2022ಕ್ಕೆ 563 ಆಗಿದ್ದರೆ ಅದರ ಯಶಸ್ಸಿನ ದೊಡ್ಡ ಪಾಲು ಅವರದು. ನಮ್ಮ ಪಾಲು ಸಣ್ಣದು.

ಈ ಹೆಚ್ಚಳದ ಭಾರ ಹೊತ್ತವರು ಯಾರು? 2025ರ ಅಕ್ಟೋಬರ್-ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ಜನ ಸತ್ತರು. ನವೆಂಬರ್ 7ರಂದು ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತು. ಜೀಪುಗಳ ಗದ್ದಲಕ್ಕೆ ಹುಲಿ ಊರಿಗೆ ಬರುತ್ತಿವೆ ಅಂತ ರೈತರು ಹೇಳುತ್ತಿದ್ದರು. ನಮ್ಮ ಉದ್ಯಮದವರಿಗೆ ಸಿಟ್ಟು ಬಂತು. ನನಗೂ ಮೊದಲು ಬಂತು, ಸುಳ್ಳು ಹೇಳುವುದಿಲ್ಲ.

ನನ್ನ ಅನುಭವದಲ್ಲಿ ಊರಂಚಿಗೆ ಬರುವ ಹುಲಿ ಎರಡು ಬಗೆ. ಒಂದು, ತಾಯಿಯನ್ನು ಬಿಟ್ಟು ಹೊಸ ಜಾಗ ಹುಡುಕುವ ಎರಡು ವರ್ಷದ ಆಸುಪಾಸಿನ ಹುಲಿ. ಇನ್ನೊಂದು, ಬಲಿಷ್ಠ ಗಂಡಿನ ಕೈಲಿ ಸೋತು, ಗಾಯಗೊಂಡು ಅಥವಾ ಹಲ್ಲು ಸವೆದು ಗಡಿ ಕಳೆದುಕೊಂಡ ಮುದಿ ಹುಲಿ. ಕಾಡು ತುಂಬಿದಾಗ ಈ ಎರಡಕ್ಕೂ ಒಳಗೆ ಜಾಗವಿಲ್ಲ. ಅಂಚಿನ ಜಮೀನಿನಲ್ಲಿ ಕಬ್ಬಿದೆ, ಬಾಳೆತೋಟವಿದೆ, ಕಾಡುಹಂದಿ ಇದೆ, ಕಟ್ಟಿದ ದನ ಇದೆ. ಸಫಾರಿ ನಿಂತ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಇನ್ನೊಂದು ವಿಷಯ: ಜೀಪಿನ ಮುಂದೆ ಆರಾಮಾಗಿ ಮಲಗುವ ಹುಲಿಯೇ, ನಡೆದು ಬರುವ ವಾಚರನ್ನು ಕಂಡರೆ ಎದ್ದು ಮಾಯವಾಗುವುದನ್ನು ನಾನು ನೋಡಿದ್ದೇನೆ. ಜೀಪಿಗೆ ಒಗ್ಗಿದ ಹುಲಿ ಮನುಷ್ಯನಿಗೂ ಒಗ್ಗಿದೆ ಅಂತ ಹೇಳುವುದು ಅಷ್ಟು ಸುಲಭವಲ್ಲ.

ಇದನ್ನೆಲ್ಲ ಒಂದು ಹಳ್ಳಿಯ ಚಾವಡಿಯಲ್ಲಿ ಕೂತು ವಿವರಿಸುತ್ತಿದ್ದೆ. ವಯಸ್ಸಾದ ರೈತರೊಬ್ಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: "ನೀವು ಹೇಳೋದು ಸರೀನೇ ಇರ್ಬೋದು ಸಾ. ನಿಮ್ಗೆ ಹುಲಿ ಅಂದ್ರೆ ಟಿಕೀಟು. ನಮ್ಗೆ ಕರೆಂಟು ಕೊಡೋದೇ ರಾತ್ರಿ. ನೀರು ಕಟ್ಟಕ್ಕೆ ಹೋಗ್ಲಾ ಬ್ಯಾಡ್ವಾ, ಅದ್ ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಲಿಯ ನಡವಳಿಕೆ ಗೊತ್ತಿತ್ತು, ಪಂಪ್‌ಸೆಟ್ಟಿನ ವೇಳಾಪಟ್ಟಿ ಗೊತ್ತಿರಲಿಲ್ಲ. ಕಾಡಂಚಿನ ಹಳ್ಳಿಗಳಿಗೆ ತ್ರೀ ಫೇಸ್ ಕರೆಂಟನ್ನು ಹಗಲು ಕೊಟ್ಟರೆ ರಾತ್ರಿ ಹೊಲದಲ್ಲಿ ಮನುಷ್ಯನೂ ಹುಲಿಯೂ ಎದುರಾಗುವುದು ಎಷ್ಟೋ ಕಡಿಮೆಯಾಗುತ್ತದೆ. ಹುಲಿ ದನ ಕೊಂದ ವಾರದೊಳಗೆ ಪರಿಹಾರದ ಹಣ ಕೈಗೆ ಬಂದರೆ ಉಳಿದ ಕಳೇಬರಕ್ಕೆ ವಿಷ ಹಾಕುವ ಯೋಚನೆ ಬರುವುದು ಕಡಿಮೆ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ಒಂದು ತಾಯಿಹುಲಿ ಮತ್ತು ನಾಲ್ಕು ಮರಿ ಸತ್ತವು. ಒಂದೇ ಏಟಿಗೆ ಐದು. ಯಾವ ಜೀಪೂ ಇಷ್ಟು ಮಾಡಲಾರದು.

ಸಫಾರಿ ಟಿಕೆಟ್ಟಿನ ಹಣದ ಮಾತು ಬರುವುದು ಇಲ್ಲೇ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯಂತೆ ಪ್ರತಿ ಹುಲಿ ಮೀಸಲು ಪ್ರದೇಶಕ್ಕೂ ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ಪ್ರವಾಸಿಗರಿಂದ ಬಂದ ಹಣ ಅಲ್ಲೇ ಉಳಿದು ಕಾಡಿಗೂ ಸುತ್ತಲಿನ ಜನರಿಗೂ ಖರ್ಚಾಗಬಹುದು. ಕಾನೂನು ಚೆನ್ನಾಗಿದೆ. ಆದರೆ ಯಾವ ಹಳ್ಳಿಗೆ ಹೋಗಿ ಕೇಳಿದರೂ "ಇದು ಸಫಾರಿ ದುಡ್ಡಿನಿಂದ ಬಂದದ್ದು" ಅಂತ ಬೆರಳು ಮಾಡಿ ತೋರಿಸುವ ವಸ್ತು ಅಪರೂಪ. ಹುಲಿ ದಾಟಿದ ಹೊಲದವನಿಗೆ ಟಿಕೆಟ್ಟಿನಲ್ಲಿ ಕಣ್ಣಿಗೆ ಕಾಣುವ ಪಾಲಿಲ್ಲದಿದ್ದರೆ ಅವನು ಗೇಟಿನ ಮುಂದೆ ಪ್ರತಿಭಟನೆಗೆ ಬಂದು ಕೂರದೆ ಇನ್ನೇನು ಮಾಡುತ್ತಾನೆ? ರೆಸಾರ್ಟುಗಳ ವಿಷಯ ಇನ್ನೊಂದು ದಿನ ಬರೆಯುತ್ತೇನೆ. ಒಂದೇ ಮಾತು: ಆನೆ-ಹುಲಿ ಓಡಾಡುವ ದಾರಿಗೆ ಅಡ್ಡ ತಂತಿಬೇಲಿ ಹಾಕಿ, ಒಳಗೆ 'ಪರಿಸರಸ್ನೇಹಿ' ಬೋರ್ಡ್ ಹಾಕುವುದನ್ನು ನೋಡಿದರೆ ನನಗೆ ನಗು ಬರುತ್ತದೆ.

ಹಾಗಾದರೆ ಗೇಟಿನ ಒಳಗೆ ಏನು ಬದಲಾಗಬೇಕು? ಎಲ್ಲರೂ ವಾಹನಗಳ ಸಂಖ್ಯೆ ಹಿಡಿದು ಕೂರುತ್ತಾರೆ, ಎಣಿಸಲು ಸುಲಭ ಅಂತ. ಸಂಖ್ಯೆಗೆ ಮಿತಿ ಬೇಕು, ಸರಿ. ಆದರೆ ಇಪ್ಪತ್ತು ಜೀಪು ಬೇರೆ ಬೇರೆ ದಾರಿಯಲ್ಲಿ ಹೋಗುವುದೂ ಐದು ಜೀಪು ಒಂದು ತಾಯಿಯನ್ನು ಸುತ್ತುವುದೂ ಒಂದೇ ಅಲ್ಲ. ನನ್ನ ತರಬೇತಿಯಲ್ಲಿ ಮೊದಲ ಪಾಠವೇ 'ಬಾಗಿಲು ಬಿಡಿ'. ಹುಲಿ ಯಾವ ಕಡೆ ಹೋಗಬೇಕು ಅಂತಿದೆ ಅಂತ ಅದರ ಮುಖ ನೋಡಿ ತಿಳಿಯಿರಿ. ಆ ಕಡೆ ಗಾಡಿ ಇರಬಾರದು. ಮರಿ ಇದ್ದರೆ ಎರಡಕ್ಕಿಂತ ಜಾಸ್ತಿ ಗಾಡಿ ಬೇಡ. ನಡೆದು ಬರುವ ಹುಲಿಯ ಮುಂದೆ ರಿವರ್ಸ್ ಓಟ ಬೇಡ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಹುಲಿ ಕಂಡ ಸುದ್ದಿಯನ್ನು ಫೋನಿನಲ್ಲಿ ಹಂಚಬೇಡಿ. ಕೋರ್ ಪ್ರದೇಶದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ಬೇಡ ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನನಗೆ ಬಹಳ ಸಂತೋಷವಾದ ಆದೇಶ ಅದು.

ವಾರದ ರಜೆಯೂ ಬೇಕು. ಮಧ್ಯಪ್ರದೇಶದ ಪಾರ್ಕುಗಳಲ್ಲಿ ಬುಧವಾರ ಮಧ್ಯಾಹ್ನದ ಸಫಾರಿ ಇಲ್ಲ, ಮಳೆಗಾಲದಲ್ಲಿ ಕೋರ್ ಪ್ರದೇಶ ಮೂರು ತಿಂಗಳು ಮುಚ್ಚಿರುತ್ತದೆ. ನಮ್ಮ ಕಡೆ ವರ್ಷವಿಡೀ ಗೇಟ್ ತೆರೆದಿಟ್ಟೇ ರೂಢಿ. ನಮ್ಮಲ್ಲಿ ಒಂದು ಒಳ್ಳೆಯದೂ ಇದೆ. ಅರಣ್ಯ ಇಲಾಖೆ ಮತ್ತು ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ವಾಹನಗಳು ಮಾತ್ರ ಒಳಗೆ ಹೋಗುತ್ತವೆ, ಉತ್ತರದ ಪಾರ್ಕುಗಳಂತೆ ಖಾಸಗಿ ಜಿಪ್ಸಿ ಜೀಪುಗಳ ಸಾಲು ಇಲ್ಲ. ಹಾಗಾಗಿ ಮನಸ್ಸು ಮಾಡಿದರೆ ಬದಲಾವಣೆ ಇಲ್ಲಿ ಸುಲಭ. ಮನಸ್ಸು ಮಾಡಲು ಅಡ್ಡಿ ಟಿಪ್ಸ್. ಡ್ರೈವರಿನ ಸಂಬಳ ಸಣ್ಣದು, ಹುಲಿ ತೋರಿಸಿದ ದಿನ ಕೈ ತುಂಬುತ್ತದೆ. ಬಾಗಿಲು ಬಿಟ್ಟ ದಿನ ಕೈ ಖಾಲಿ. ಒಳ್ಳೆಯತನಕ್ಕೆ ದಂಡ ಕಟ್ಟಿಸುವ ಈ ಏರ್ಪಾಡು ಬದಲಾಗದೆ ನನ್ನ ಪಾಠ ಎಷ್ಟು ದಿನ ನಿಲ್ಲುತ್ತದೆ ಅಂತ ನನಗೇ ಅನುಮಾನ.

ಈಚೆಗೆ ನನ್ನ ಬಳಿ ಕಲಿತ ಹುಡುಗನೊಬ್ಬ ಹಾಗೆ ಬಾಗಿಲು ಬಿಟ್ಟ. ಹೆಣ್ಣುಹುಲಿ ರಸ್ತೆ ಅಂಚಿಗೆ ಬಂದು ನಿಂತಾಗ ಗಾಡಿಯನ್ನು ನಲವತ್ತು ಮೀಟರ್ ಹಿಂದಕ್ಕೆ ತೆಗೆದ. ಅವಳು ದಾಟಿದಳು, ಹಿಂದೆ ಎರಡು ಮರಿಗಳೂ ದಾಟಿದವು. ಪ್ರವಾಸಿಗರು ವಾಪಸ್ ಬಂದು ಪುಸ್ತಕದಲ್ಲಿ ದೂರು ಬರೆದರು: "ಹುಲಿ ಎದುರಿಗೇ ಇದ್ದರೂ ಡ್ರೈವರ್ ಬೇಕೆಂದೇ ದೂರ ಹೋದ. ಫೋಟೊ ಸರಿಯಾಗಿ ಬರಲಿಲ್ಲ." ಕೆಳಗೆ ವಿವರಣೆಗೆ ಒಂದು ಖಾಲಿ ಗೆರೆ ಇತ್ತು. ಹುಡುಗ ಪುಸ್ತಕ ತಂದು ಏನು ಬರೆಯಲಿ ಸಾರ್ ಅಂದ. ನಾವಿಬ್ಬರೂ ಟೀ ಕುಡಿಯುತ್ತಾ ಸುಮಾರು ಹೊತ್ತು ಯೋಚಿಸಿದೆವು. ಕೊನೆಗೆ ಅವನೇ ಬರೆದ: "ದೂರು ನಿಜ. ಮೂರೂ ದಾಟಿದವು."