ಕ್ರಿಸ್‌ಮಸ್ ಟೈಮಲ್ಲೇ ಇಂಗ್ಲಿಷರು ದೆವ್ವದ ಕಥೆ ಯಾಕೆ ಓದ್ತಾರೆ?

ಓದುಗರೊಬ್ಬರ ಪ್ರಶ್ನೆ: "ಕ್ರಿಸ್‌ಮಸ್ ಅಂದ್ರೆ ಕೇಕು, ದೀಪ, ಹಾಡು. ಹಂಗಿದ್ದೂ ಇಂಗ್ಲೆಂಡಲ್ಲಿ ಆಗ್ಲೇ ಯಾಕೆ ದೆವ್ವದ ಕಥೆ? ನಾನೂ ಓದೋಣ ಅಂತಿದೀನಿ, ಯಾವ್ದರಿಂದ ಶುರು ಮಾಡ್ಲಿ?"

ಅಲ್ಲಿನ ಡಿಸೆಂಬರ್ ಹೆಂಗಿರತ್ತೆ ಅಂತ ಮೊದ್ಲು ನೋಡಿ. ಲಂಡನ್ನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆನೇ ಸೂರ್ಯ ಮುಳುಗ್ತಾನೆ, ಬೆಳಿಗ್ಗೆ ಎಂಟಾದ್ರೂ ಸರಿಯಾಗಿ ಬೆಳಕಾಗಲ್ಲ, ಕರೆಂಟಿಲ್ಲದ ಕಾಲದಲ್ಲಿ ಮನೆಮಂದಿಯೆಲ್ಲ ಬೆಂಕಿ ಮುಂದೆ ಕೂತು ಆ ಉದ್ದದ ರಾತ್ರಿ ಕಳೀಬೇಕಿತ್ತು, ಕಥೆ ಹೇಳ್ದೆ ಇನ್ನೇನು ಮಾಡ್ತಾರೆ. ಶೇಕ್ಸ್‌ಪಿಯರನ ಒಂದು ನಾಟಕದಲ್ಲೇ ಪುಟ್ಟ ಹುಡುಗ ಚಳಿಗಾಲಕ್ಕೆ ದುಃಖದ ಕಥೆನೇ ಸರಿ, ನನ್ಹತ್ರ ದೆವ್ವದ್ದೊಂದಿದೆ ಅಂತ ಅಮ್ಮಂಗೆ ಹೇಳ್ತಾನೆ. ಅಷ್ಟು ಹಳೇ ರೂಢಿ. ಅದನ್ನ ಪ್ರಿಂಟಲ್ಲಿ ದೊಡ್ಡದು ಮಾಡಿದ್ದು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. 1843ರ ಡಿಸೆಂಬರಲ್ಲಿ 'ಎ ಕ್ರಿಸ್‌ಮಸ್ ಕ್ಯಾರಲ್' ಅನ್ನೋ ದೆವ್ವದ ಕಥೆ ತಂದ, ಆಮೇಲೆ ತನ್ನ ವಾರಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಗೆ ಎಲಿಜಬೆತ್ ಗ್ಯಾಸ್ಕೆಲ್ ಥರದ ಲೇಖಕರಿಂದ ಬರೆಸ್ದ. ನಮ್ಮಲ್ಲಿ ದೀಪಾವಳಿ ವಿಶೇಷಾಂಕ ಇದ್ದಂಗೆ.

ಶುರು ಮಾಡೋಕೆ ನನ್ನ ಆಯ್ಕೆ ಡಿಕನ್ಸನದೇ 'ದಿ ಸಿಗ್ನಲ್‌ಮ್ಯಾನ್', 1866ರದ್ದು. ಸುರಂಗದ ಬಾಯಲ್ಲಿ ಒಂಟಿಯಾಗಿ ಡ್ಯೂಟಿ ಮಾಡೋ ರೈಲ್ವೆ ನೌಕರ, ಅವನಿಗೆ ಕೆಂಪು ದೀಪದ ಹತ್ರ ಒಂದು ಆಕೃತಿ ಕೈ ಬೀಸೋದು ಕಾಣತ್ತೆ, ಕಂಡಾಗೆಲ್ಲ ಹಿಂದೇನೇ ಒಂದು ಸಾವು. ಇದನ್ನ ಬರೆಯೋ ಹಿಂದಿನ ವರ್ಷ, 1865ರ ಜೂನ್ 9ಕ್ಕೆ, ಸ್ಟೇಪಲ್‌ಹರ್ಸ್ಟ್ ಅನ್ನೋ ಕಡೆ ರೈಲು ಹಳಿ ತಪ್ಪಿ 10 ಜನ ಸತ್ರು, ಆ ರೈಲಲ್ಲಿ ಡಿಕನ್ಸ್ ಇದ್ದ, ಗಾಯಗೊಂಡವರಿಗೆ ನೀರು ಕುಡಿಸಿದ್ದ. ಆಮೇಲೆ ರೈಲು ಹತ್ತೋಕೇ ಅವನಿಗೆ ಭಯ ಆಗ್ತಿತ್ತು, ಆ ಭಯ ಈ ಕಥೆಯ ಪ್ರತಿ ಸಾಲಲ್ಲೂ ನಂಗೆ ಕೇಳ್ಸತ್ತೆ. ಅವನು ತೀರ್ಕೊಂಡಿದ್ದೂ ಜೂನ್ 9ಕ್ಕೇ, ಐದು ವರ್ಷ ಆದ್ಮೇಲೆ.

ಮುಂದೆ ಎಂ. ಆರ್. ಜೇಮ್ಸ್. ಇವ್ರನ್ನ ಮಾತ್ರ ಬಿಡ್ಲೇಬೇಡಿ. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಲ್ಲಿ ಹಳೇ ಹಸ್ತಪ್ರತಿಗಳ ದೊಡ್ಡ ವಿದ್ವಾಂಸರು, ಕ್ರಿಸ್‌ಮಸ್ ಬಂದ್ರೆ ಗೆಳೆಯರನ್ನ ರೂಮಲ್ಲಿ ಕೂರಿಸ್ಕೊಂಡು, ಒಂದು ಮೇಣದಬತ್ತಿ ಬಿಟ್ಟು ಉಳಿದಿದ್ದೆಲ್ಲ ಆರಿಸಿ, ಹೊಸದಾಗಿ ಬರೆದ ಕಥೆ ಓದೋರು. 1904ರಲ್ಲಿ ಮೊದಲ ಸಂಕಲನ ಬಂತು. ಅದರಲ್ಲಿ 'ಓ, ವಿಸಲ್, ಅಂಡ್ ಐಲ್ ಕಮ್ ಟು ಯೂ, ಮೈ ಲ್ಯಾಡ್' ಇದೆ: ದೆವ್ವ ಗಿವ್ವ ಏನೂ ಇಲ್ಲ ಅನ್ನೋ ಪ್ರೊಫೆಸರ್ ಒಬ್ರು ಸಮುದ್ರದ ದಂಡೇಲಿ, ಪಾಳು ಬಿದ್ದ ಜಾಗದಲ್ಲಿ ಸಿಕ್ಕ ಹಳೇ ಕಂಚಿನ ಸೀಟಿ ಊದ್ತಾರೆ, ರೂಮಲ್ಲಿ ಇನ್ನೊಂದು ಖಾಲಿ ಮಂಚ ಇದೆ, ಅಷ್ಟೇ ಹೇಳ್ತೀನಿ. ರಕ್ತ ಇಲ್ಲ, ಕಿರುಚಾಟ ಇಲ್ಲ, ಏನೋ ಬಂತು ಅಂತ ಅರ್ಧ ತೋರಿಸಿ ಸುಮ್ನಾಗ್ತಾರೆ, ಉಳಿದರ್ಧ ನಮ್ಮ ತಲೆನೇ ತುಂಬ್ಕೊಳತ್ತೆ.

ಹೆನ್ರಿ ಜೇಮ್ಸನ 'ದಿ ಟರ್ನ್ ಆಫ್ ದಿ ಸ್ಕ್ರೂ' ಎಲ್ಲಾ ಲಿಸ್ಟಲ್ಲೂ ಇರತ್ತೆ, ಆದ್ರೆ ವಾಕ್ಯಗಳು ತುಂಬ ಉದ್ದ, ಮೊದಲಿಗೇ ಬೇಡ. ಬದಲು ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸನ 'ದಿ ಮಂಕೀಸ್ ಪಾ' ಓದಿ, 1902ರದ್ದು, ಇಂಡಿಯಾದಿಂದ ವಾಪಸ್ ಬಂದ ಸೈನಿಕ ಒಣಗಿದ ಕೋತಿ ಕೈ ಒಂದನ್ನ ತಂದಿರ್ತಾನೆ, ಫಕೀರನೊಬ್ಬ ಮಂತ್ರಿಸಿದ್ದಂತೆ. ಅರ್ಧ ಗಂಟೇಲಿ ಮುಗಿಯತ್ತೆ.

ಇವೆಲ್ಲ ಕಾಪಿರೈಟ್ ಮುಗಿದಿರೋ ಕಥೆಗಳು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಲ್ಲಿ ಫ್ರೀ ಸಿಗತ್ತೆ. ಮನೇಲಿ ಯಾರಾದ್ರೂ ಇದ್ರೆ ಜೋರಾಗಿ ಓದಿ ಕೇಳಿಸಿ, ಎಂ. ಆರ್. ಜೇಮ್ಸ್ ಬರೆದಿದ್ದೇ ಹಂಗೆ ಓದೋಕೆ.