ಪದ ಪರಿಚಯ: ನಾಣ್ಯದ ‘ಗ್ರೇಡ್’

ಟಂಕಸಾಲೆಯಿಂದ ಹೊರಬಿದ್ದ ದಿನ ಇದ್ದ ಸ್ಥಿತಿಯನ್ನು ಹಳೆಯ ನಾಣ್ಯವೊಂದು ಇಂದಿಗೆ ಎಷ್ಟರ ಮಟ್ಟಿಗೆ ಉಳಿಸಿಕೊಂಡಿದೆ ಎಂಬುದನ್ನು ಒಂದೆರಡು ಅಕ್ಷರ ಹಾಗೂ ಒಂದು ಅಂಕದಲ್ಲಿ ಹೇಳುವುದಕ್ಕೆ ಗ್ರೇಡ್ ಎಂದು ಹೆಸರು. ಶುಲ್ಕ ಪಡೆದು ಈ ಕೆಲಸ ಮಾಡುವ ಸಂಸ್ಥೆಗಳು ಮೊದಲು ನಾಣ್ಯ ಅಸಲಿಯೇ ಎಂದು ಪರೀಕ್ಷಿಸುತ್ತವೆ, ಬಳಿಕ ಅಂಕ ಕೊಡುತ್ತವೆ, ಕೊನೆಗೆ ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಕವಚದೊಳಗೆ ಭದ್ರಪಡಿಸಿ, ಚೀಟಿ ಸೇರಿಸಿ ಹಿಂದಿರುಗಿಸುತ್ತವೆ. ಆ ಕವಚವನ್ನು ಸಂಗ್ರಾಹಕರು ಸ್ಲ್ಯಾಬ್ ಎನ್ನುತ್ತಾರೆ. ಮಂಗಳೂರು, ಉಡುಪಿಗಳಲ್ಲಿ ನಾಣ್ಯ ಕೂಡಿಡುವವರು ಮೊದಲೆಲ್ಲ ಅಂಗೈಯಲ್ಲಿಟ್ಟುಕೊಂಡು, ಭೂತಗನ್ನಡಿ ಹಿಡಿದು ನೋಡಿ ಬೆಲೆ ಮಾತನಾಡುತ್ತಿದ್ದರು. ಈಗ ಮೊದಲ ಪ್ರಶ್ನೆಯೇ ‘ಗ್ರೇಡ್ ಎಷ್ಟು’ ಎಂಬುದು. ಅಂಕವೊಂದು ಮೇಲೆ ಹೋದರೆ ಬೆಲೆ ಇಮ್ಮಡಿಯಾಗುವ ನಾಣ್ಯಗಳು ಇರುವುದರಿಂದ, ಆ ಅಂಕ ಹೇಗೆ ಹುಟ್ಟುತ್ತದೆ ಮತ್ತು ಏಕೆ ಬದಲಾಗುತ್ತದೆ ಎಂಬುದು ಕೊಳ್ಳುವವರಿಗೂ ಮಾರುವವರಿಗೂ ತಿಳಿದಿರಬೇಕು.

ಇಂದು ಬಳಕೆಯಲ್ಲಿರುವುದು 1ರಿಂದ 70ರವರೆಗಿನ ಮಾಪಕ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಇದನ್ನು ರೂಪಿಸಿದ್ದು ಆ ದೇಶದ ಆರಂಭಕಾಲದ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ಮಾತ್ರ. ಅತಿ ಕಳಪೆ ಸ್ಥಿತಿಯ ನಾಣ್ಯದ ಬೆಲೆಯನ್ನು ಒಂದು ಎಂದಿಟ್ಟುಕೊಂಡರೆ, ಪರಿಪೂರ್ಣ ನಾಣ್ಯದ ಬೆಲೆ ಅದರ ಎಪ್ಪತ್ತು ಪಟ್ಟು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಮಾರುಕಟ್ಟೆ ಬದಲಾಗಿ ಆ ಲೆಕ್ಕ ಬೇಗನೆ ತಪ್ಪಿಹೋಯಿತು. ಮಾಪಕ ಮಾತ್ರ ಉಳಿದು, ಬೇರೆ ದೇಶ, ಬೇರೆ ಲೋಹ, ಬೇರೆ ಕಾಲದ ನಾಣ್ಯಗಳಿಗೂ ಹಬ್ಬಿತು. ಗ್ರೇಡ್ ಕೊಡುವ ಅಮೆರಿಕದ ಎರಡು ದೊಡ್ಡ ಸಂಸ್ಥೆಗಳು, 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ., ಆರಂಭವಾದ ಮೇಲೆ ಸ್ಲ್ಯಾಬ್ ಎಂಬುದು ಒಂದು ದೊಡ್ಡ ಉದ್ಯಮವೇ ಆಯಿತು. ಜನರ ಕೈಯಲ್ಲಿ ಓಡಾಡಿ ಸವೆದ ನಾಣ್ಯಗಳಿಗೆ 58ರವರೆಗಿನ ಅಂಕ. ಚಲಾವಣೆಗೆ ಬಾರದೆ ಉಳಿದವುಗಳಿಗೆ ಎಂ.ಎಸ್. (ಮಿಂಟ್ ಸ್ಟೇಟ್, ಅಂದರೆ ಟಂಕಸಾಲೆಯ ಸ್ಥಿತಿ) ಎಂಬ ಅಕ್ಷರಗಳೊಂದಿಗೆ 60ರಿಂದ 70.

ತಕರಾರು ಹೆಚ್ಚಾಗಿ ಹುಟ್ಟುವುದು ಈ ಕೊನೆಯ ಹನ್ನೊಂದು ಮೆಟ್ಟಿಲುಗಳಲ್ಲಿ. ಸವೆತವನ್ನು ಗುರುತಿಸುವುದು ಕಷ್ಟವಲ್ಲ: ವಿಕ್ಟೋರಿಯಾ ರೂಪಾಯಿಯಲ್ಲಿ ಕಿರೀಟದ ಕುಸುರಿ ಮತ್ತು ಕಿವಿಯ ಮೇಲಿನ ಕೂದಲಿನ ಎಳೆಗಳು ನುಣುಪಾಗಿವೆಯೇ ಎಂದು ನೋಡಿದರೆ ಸಾಕು, ಅನುಭವವಿರುವ ಇಬ್ಬರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. ಸವೆಯದ ನಾಣ್ಯದಲ್ಲಿ ಹಾಗಲ್ಲ. ಅಲ್ಲಿ ಅಳೆಯುವುದು ನಾಲ್ಕು ಬೇರೆ ಬೇರೆ ಸಂಗತಿಗಳನ್ನು. ಟಂಕಸಾಲೆಯ ಚೀಲದಲ್ಲಿ ನಾಣ್ಯಗಳು ಒಂದಕ್ಕೊಂದು ಬಡಿದು ಆದ ಗಾಯಗಳೆಷ್ಟು, ಅವು ರಾಜನ ಕೆನ್ನೆಯ ಮೇಲಿವೆಯೋ ಅಂಚಿನ ಅಕ್ಷರಗಳ ನಡುವೆ ಅಡಗಿವೆಯೋ ಎಂಬುದು ಒಂದು. ಅಚ್ಚು ಪೂರ್ತಿಯಾಗಿ ಒತ್ತಿದೆಯೇ ಎಂಬುದು ಇನ್ನೊಂದು. ದೀಪದ ಕೆಳಗೆ ನಾಣ್ಯವನ್ನು ಮೆಲ್ಲನೆ ವಾಲಿಸಿದಾಗ ನಡುವಿನಿಂದ ಅಂಚಿಗೆ ಹರಡಿದ ಬೆಳಕಿನ ಪಟ್ಟೆಗಳು ಚಕ್ರದ ಅರಗಳಂತೆ ಸುತ್ತುತ್ತವೆಯೇ, ಅಂದರೆ ಮೂಲದ ಹೊಳಪು ಉಳಿದಿದೆಯೇ ಎಂಬುದು ಮೂರನೆಯದು. ಒಟ್ಟಾರೆ ನೋಟ ಕಣ್ಣಿಗೆ ಹಿತವಾಗಿದೆಯೇ ಎಂಬುದು ಕೊನೆಯದು. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದು ಪರೀಕ್ಷಕರ ತರಬೇತಿಯನ್ನೂ ಅಭ್ಯಾಸವನ್ನೂ ಅವಲಂಬಿಸಿದೆ. ಒಂದಕ್ಕಿಂತ ಹೆಚ್ಚು ಪರೀಕ್ಷಕರು ಮಾಲೀಕರು ಯಾರೆಂದು ತಿಳಿಯದೆ ಪ್ರತ್ಯೇಕವಾಗಿ ನೋಡುವ ವ್ಯವಸ್ಥೆ ದೊಡ್ಡ ಸಂಸ್ಥೆಗಳಲ್ಲಿದೆ ಎಂಬುದು ಮೆಚ್ಚಬೇಕಾದದ್ದೇ. ಆದರೆ ಸಾಮಾನ್ಯ ನಾಣ್ಯವೊಂದಕ್ಕೆ ಅವರಲ್ಲಿ ಪ್ರತಿಯೊಬ್ಬರ ಬಳಿ ಸಿಗುವ ಸಮಯವನ್ನು ಸೆಕೆಂಡುಗಳಲ್ಲಿ ಎಣಿಸಬೇಕು.

ನನ್ನ ಸಂಗ್ರಹದಲ್ಲಿ 1938ರ ಆರನೆಯ ಜಾರ್ಜನ ಬೆಳ್ಳಿ ರೂಪಾಯಿಯೊಂದಿದೆ. ಆ ದೊರೆಯ ಹೆಸರಿನಲ್ಲಿ 0.917 ಶುದ್ಧತೆಯ ಬೆಳ್ಳಿಯಲ್ಲಿ ಬಂದ ರೂಪಾಯಿಗಳು 1938 ಮತ್ತು 1939ರವು ಮಾತ್ರ; 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. ನನ್ನ ನಾಣ್ಯಕ್ಕೆ ಒಂದು ಸಂಸ್ಥೆ ಎಂ.ಎಸ್. 62 ಕೊಟ್ಟಿತ್ತು. ಒಂದು ಅಂಕ ಹೆಚ್ಚು ಸಿಗಬಹುದೆಂಬ ನಿರೀಕ್ಷೆಯಿಂದ ಕವಚ ಬಿಡಿಸಿ ಅದೇ ಸಂಸ್ಥೆಗೆ ಮತ್ತೆ ಕಳಿಸಿದಾಗ ಬಂದ ಉತ್ತರ, ಇದು ‘ಡೀಟೇಲ್ಸ್, ಕ್ಲೀನ್ಡ್’ ಎಂದು. ಎಂದರೆ ಯಾರೋ ಉಜ್ಜಿದ್ದಾರೆ, ಆದ್ದರಿಂದ ಅಂಕವೇ ಇಲ್ಲ. ಈ ನಡುವೆ ನಾಣ್ಯ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಯೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ರಾಜನ ಮುಖದ ಮುಂದಿನ ಬಯಲಿನಲ್ಲಿ, ಒಂದು ನಿರ್ದಿಷ್ಟ ಕೋನದಲ್ಲಿ ಬೆಳಕು ಬಿದ್ದಾಗ ಮಾತ್ರ ಕಾಣುವ, ಕೂದಲಿಗಿಂತ ತೆಳುವಾದ ಒಂದಷ್ಟು ಗೀರುಗಳಿವೆ. ಮೊದಲ ಬಾರಿ ನೋಡಿದವರು ಅವನ್ನು ಕ್ಷಮಿಸಿದರೋ ಗಮನಿಸಲಿಲ್ಲವೋ, ಎರಡನೆಯ ಬಾರಿ ನೋಡಿದವರು ಅವುಗಳಿಂದಲೇ ತೀರ್ಮಾನಿಸಿದರೋ ಅಥವಾ ಬೇರೇನನ್ನಾದರೂ ಕಂಡರೋ ಎಂಬುದನ್ನು ತಿಳಿಯಲು ನನಗೆ ದಾರಿಯೇ ಇಲ್ಲ. ಎರಡೂ ಚೀಟಿಗಳಲ್ಲಿ ಕಾರಣವನ್ನು ಬರೆದಿರಲಿಲ್ಲ.

ಹೀಗೆ ಕವಚ ಒಡೆದು ಮತ್ತೆ ಮತ್ತೆ ಕಳಿಸುವ ರೂಢಿಗೆ ವ್ಯಾಪಾರದಲ್ಲಿ ಕ್ರ್ಯಾಕ್‌ಔಟ್ ಎನ್ನುತ್ತಾರೆ. ಬೆಲೆಬಾಳುವ ನಾಣ್ಯ ಕೈಯಲ್ಲಿರುವ ವ್ಯಾಪಾರಿಗೆ ಮರುಪರೀಕ್ಷೆಯ ಶುಲ್ಕ ಲೆಕ್ಕಕ್ಕೇ ಬರುವುದಿಲ್ಲ. ಇಳಿದ ಅಂಕವನ್ನು ಬದಿಗಿಟ್ಟು, ಏರಿದ ದಿನ ಮಾರಿಬಿಟ್ಟರಾಯಿತು. ಹಳೆಯ ಚೀಟಿಗಳನ್ನು ಸಂಸ್ಥೆಗೆ ಹಿಂದಿರುಗಿಸದೆ ಹೋದಾಗ, ಯಾವ ಗ್ರೇಡಿನಲ್ಲಿ ಎಷ್ಟು ನಾಣ್ಯಗಳಿವೆ ಎಂದು ಸಂಸ್ಥೆಗಳು ಪ್ರಕಟಿಸುವ ಪಟ್ಟಿಯಲ್ಲಿ ಒಂದೇ ನಾಣ್ಯ ಹಲವು ಬಾರಿ ಎಣಿಕೆಯಾಗುತ್ತದೆ, ಮತ್ತು ಅಪರೂಪವೆಂಬ ಮಾತಿನ ಆಧಾರವೇ ಕುಸಿಯುತ್ತದೆ. ವರ್ಷಗಳು ಉರುಳಿದಂತೆ ಮಾನದಂಡವೇ ಸಡಿಲವಾಗಿ, ಹಿಂದೆ 63 ಪಡೆದದ್ದು ಈಗ 64 ಪಡೆಯುವುದಕ್ಕೆ ಗ್ರೇಡ್‌ಫ್ಲೇಷನ್ ಎಂಬ ಹೆಸರು ಬಿದ್ದಿದೆ. ಆರಂಭದ ವರ್ಷಗಳ ಹಳೆಯ ಸ್ಲ್ಯಾಬ್‌ಗಳಿಗೆ ಸಂಗ್ರಾಹಕರು ಹೆಚ್ಚು ಹಣ ಕೊಡುವುದಕ್ಕೂ, 2007ರಲ್ಲಿ ಆರಂಭವಾದ ಸಿ.ಎ.ಸಿ. ಎಂಬ ಸಂಸ್ಥೆ ಇತರರು ಕೊಟ್ಟ ಗ್ರೇಡನ್ನು ಮತ್ತೊಮ್ಮೆ ಪರಿಶೀಲಿಸಿ, ಒಪ್ಪಿಗೆಯಾದರೆ ಸ್ಲ್ಯಾಬ್ ಮೇಲೆ ಹಸಿರು ಚೀಟಿ ಅಂಟಿಸುವ ಕೆಲಸದಲ್ಲಿ ಯಶಸ್ಸು ಕಂಡದ್ದಕ್ಕೂ ಇದೇ ಕಾರಣ. ಅಂಕಕ್ಕೆ ಇನ್ನೊಂದು ಸಾಕ್ಷಿ ಬೇಕಾಯಿತೆಂದರೆ ಅದರ ಮೇಲಿನ ನಂಬಿಕೆ ಎಲ್ಲಿಗೆ ಬಂದಿದೆ ಎಂದು ಯಾರಾದರೂ ಊಹಿಸಬಹುದು.

ಕರಾವಳಿಯ ನಾಣ್ಯಗಳಿಗೆ ಈ ಅಸ್ಥಿರತೆಯ ಬಿಸಿ ಸ್ವಲ್ಪ ಹೆಚ್ಚೇ ತಟ್ಟುತ್ತದೆ. ಇಲ್ಲಿನ ಮಳೆಗಾಲದ ತೇವದಲ್ಲಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ಬೆಳ್ಳಿ ಮೊದಲು ಹಳದಿಗೆ ತಿರುಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕಪ್ಪಾಗುತ್ತದೆ. ಗಾಳಿಯಲ್ಲಿನ ಗಂಧಕದಿಂದ ಬೆಳ್ಳಿಯ ಮೇಲೆ ಹುಟ್ಟುವ ಈ ಬಣ್ಣದ ಪದರ ಸಹಜವಾದದ್ದೆಂದು ಒಪ್ಪಿಕೊಂಡವರು ಅದಕ್ಕಾಗಿಯೇ ಹೆಚ್ಚು ಅಂಕ ಕೊಡುವುದುಂಟು; ರಾಸಾಯನಿಕದಿಂದ ಬರಿಸಿದ್ದೆಂದು ಅನುಮಾನಿಸಿದವರು ಅಂಕವನ್ನೇ ನಿರಾಕರಿಸುತ್ತಾರೆ. ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಯನ್ನು ಹುಣಸೆಹುಳಿ, ಬೂದಿ, ಅಂಟುವಾಳಗಳಿಂದ ತಿಕ್ಕಿ ತೊಳೆಯುವ ಪದ್ಧತಿ ತಲೆಮಾರುಗಳದ್ದು. ಪವನಿನ ಕಥೆಯೂ ಹಾಗೆಯೇ. 1918ರಲ್ಲಿ ಮುಂಬಯಿಯಲ್ಲಿ, ನಾವು ಪವನು ಎನ್ನುವ ಸಾವರಿನ್ ಚಿನ್ನದ ನಾಣ್ಯಗಳು ಅಚ್ಚಾದವು, ಅವುಗಳ ಮೇಲೆ ‘ಐ’ ಎಂಬ ಇಂಗ್ಲಿಷ್ ಅಕ್ಷರದ ಗುರುತಿದೆ. ಅಂಥ ಪವನುಗಳು ಇಲ್ಲಿ ಸಿಗುವುದು ಹೆಚ್ಚಾಗಿ ಸರಕ್ಕೆ ಪೋಣಿಸಿದ ರೂಪದಲ್ಲಿ, ಅಂಚಿಗೆ ಬೆಸೆದ ಕೊಂಡಿಯ ಕಲೆಯೊಂದಿಗೆ. ಇವು ಡೀಟೇಲ್ಸ್ ವರ್ಗಕ್ಕೆ ಸೇರಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಹಳೆಯ ಕಾಲದಲ್ಲಿ ಮೃದುವಾಗಿ ಒಮ್ಮೆ ತೊಳೆದ, ಈಗ ಮತ್ತೆ ಹದವಾಗಿ ಮಾಗಿದ ಬಣ್ಣದ ರೂಪಾಯಿಗೆ ಒಮ್ಮೆ ಅಂಕ, ಇನ್ನೊಮ್ಮೆ ತಿರಸ್ಕಾರ ಸಿಗುವುದೇ ನನ್ನ ತಕರಾರು.

ಇಲ್ಲಿ ಒಂದು ಕಾನೂನಿನ ಮಾತನ್ನೂ ಹೇಳಬೇಕು. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ಹೊರದೇಶಕ್ಕೆ ರಫ್ತು ಮಾಡುವಂತಿಲ್ಲ. ಹಾಗಾಗಿ ವಿಕ್ಟೋರಿಯಾ ಕಾಲದ ರೂಪಾಯಿಯನ್ನು ಎರಡನೆಯ ಅಭಿಪ್ರಾಯಕ್ಕೆಂದು ಅಂಚೆಯಲ್ಲಿ ವಿದೇಶಕ್ಕೆ ಕಳಿಸುವ ದಾರಿ ಇಲ್ಲಿನವರಿಗೆ ತೆರೆದಿಲ್ಲ.

ಮನುಷ್ಯರ ಕಣ್ಣು ನೋಡಿ ಹೇಳುವ ತೀರ್ಪಿನಲ್ಲಿ ಒಂದು ಅಂಕದ ಹೆಚ್ಚುಕಡಿಮೆ ಸಹಜ. ಅದನ್ನು ನಾನು ವಂಚನೆ ಎನ್ನುವುದಿಲ್ಲ, ಹಾಗೆನ್ನುವವರ ಜೊತೆ ಸೇರುವುದೂ ಇಲ್ಲ. ಪಿ.ಯು.ಸಿ. ಉತ್ತರಪತ್ರಿಕೆಗೂ ಇಬ್ಬರು ಮೌಲ್ಯಮಾಪಕರು ಬೇರೆ ಬೇರೆ ಅಂಕ ಕೊಡಬಹುದು. ಆದರೆ ವಿದ್ಯಾರ್ಥಿ ಶುಲ್ಕ ಕಟ್ಟಿ ತನ್ನ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಂಡು, ಯಾವ ಪ್ರಶ್ನೆಗೆ ಎಷ್ಟು ಬಂದಿದೆ ಎಂದು ಕಣ್ಣಾರೆ ನೋಡಬಲ್ಲ. ನಾಣ್ಯದ ಮಾಲೀಕನಿಗೆ ಸಿಗುವುದು ಒಟ್ಟು ಅಂಕ ಮಾತ್ರ. ಗಾಯಗಳಿಂದ ಎಷ್ಟು ಕಳೆಯಿತು, ಹೊಳಪಿನಿಂದ ಎಷ್ಟು ಕೂಡಿತು, ಉಜ್ಜಿದ್ದೆಂದು ತೀರ್ಮಾನಿಸಿದ್ದು ನಾಣ್ಯದ ಯಾವ ಭಾಗವನ್ನು ನೋಡಿ ಎಂಬುದು ಪರೀಕ್ಷಕರ ಕೋಣೆಯಲ್ಲೇ ಉಳಿಯುತ್ತದೆ. ಕಾರಣ ಹೇಳದ ಅಂಕವನ್ನು ಪ್ರಶ್ನಿಸುವುದಕ್ಕೂ ಆಗುವುದಿಲ್ಲ, ಅದರಿಂದ ಕಲಿಯುವುದಕ್ಕೂ ಆಗುವುದಿಲ್ಲ. ಆದ್ದರಿಂದಲೇ ಜನ ವಾದಿಸುವ ಬದಲು ಕವಚ ಒಡೆಯುತ್ತಾರೆ.

ಬಿಡಿಸಿ ಹೇಳುವುದು ಅಸಾಧ್ಯವೇನಲ್ಲ ಎಂಬುದಕ್ಕೆ ನಿದರ್ಶನ ಇದೇ ಉದ್ಯಮದಲ್ಲಿದೆ. ಪ್ರಾಚೀನ ನಾಣ್ಯಗಳು ಕೈಯಿಂದ ಬಡಿದು ಅಚ್ಚು ಮಾಡಿದಂಥವು. ತುಳುನಾಡನ್ನಾಳಿದ ಆಳುಪರ ಜೋಡಿಮೀನಿನ ಚಿನ್ನದ ನಾಣ್ಯಗಳನ್ನೇ ನೋಡಿದರೂ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹ ಪೂರ್ತಿ ಮೂಡದಿದ್ದರೆ ಅದು ಸವೆತವೋ, ಅಚ್ಚು ಪಕ್ಕಕ್ಕೆ ಸರಿದದ್ದೋ ಎಂಬ ಪ್ರಶ್ನೆ ಏಳುತ್ತದೆ, 70ರ ಮಾಪಕ ಅದಕ್ಕೆ ಉತ್ತರಿಸಲಾರದು. ಎನ್.ಜಿ.ಸಿ. ಪ್ರಾಚೀನ ನಾಣ್ಯಗಳಿಗೆ ಆ ಮಾಪಕವನ್ನು ಬಿಟ್ಟು, ಸವೆತದ ವರ್ಗವನ್ನು ಅಕ್ಷರಗಳಲ್ಲಿ ಹೇಳಿ, ಅಚ್ಚಿನ ಗುಣಕ್ಕೆ ಐದರಲ್ಲಿ ಒಂದು ಅಂಕ, ಮೇಲ್ಮೈಗೆ ಐದರಲ್ಲಿ ಇನ್ನೊಂದು ಅಂಕ ಎಂದು ಪ್ರತ್ಯೇಕವಾಗಿ ಚೀಟಿಯ ಮೇಲೆ ನಮೂದಿಸುತ್ತದೆ. ಅಚ್ಚು 5, ಮೇಲ್ಮೈ 2 ಎಂದು ಓದಿದವರಿಗೆ ದೋಷ ಟಂಕಸಾಲೆಯಲ್ಲಿ ಆದದ್ದಲ್ಲ, ಆಮೇಲೆ ಆದದ್ದು ಎಂದು ತಕ್ಷಣ ತಿಳಿಯುತ್ತದೆ. ಯಂತ್ರದಲ್ಲಿ ಅಚ್ಚಾದ ರೂಪಾಯಿಗೂ ಇಂಥ ವಿವರ ಬೇಕು, ಡೀಟೇಲ್ಸ್ ಎಂದು ತಿರಸ್ಕರಿಸುವಾಗಲಂತೂ ದೋಷ ಇರುವ ಜಾಗವನ್ನು ಗುರುತಿಸಿದ ಒಂದು ಛಾಯಾಚಿತ್ರವನ್ನು ಜೊತೆಗೆ ಕೊಡಲೇಬೇಕು. ನಾಣ್ಯದ ಮೌಲ್ಯ ಏರಿದಂತೆ ಶುಲ್ಕವನ್ನೂ ಏರಿಸುವ ಸಂಸ್ಥೆಗಳಿಗೆ ಇದು ಹೊರೆಯಾಗದು.